ಪೊಕುವಾ ಎಳೆದ ಗೆರೆ

"ಸಾಲ್ತಿಲ್ಲ!"

ಕಾರಿನ ಹೊಟ್ಟೆಯ ಕೆಳಗಿನಿಂದ ಪಪ್ಪನ ದನಿ ಬಂತು. ಮೊದಲು ಮೆಲ್ಲಗೆ ಬಂತು, ಆಮೇಲೆ ಇಡೀ ಗ್ಯಾರೇಜಿಗೆ ಕೇಳುವ ಹಾಗೆ.

"ಸಾಲ್ತಿಲ್ಲ ಕಣ್ರೋ! ಮೂರು ಬೆರಳು ಗಿಡ್ಡ ಆಗಿದೆ!"

ಹಳೇ ಟೈರಿನ ಮೇಲೆ ಕೂತು ಹೋಂವರ್ಕ್ ಬರೆಯುತ್ತಿದ್ದ ಪೊಕುವಾಳ ಪೆನ್ಸಿಲ್ ಅಲ್ಲೇ ನಿಂತಿತು. ಯಾಕೆ ಗಿಡ್ಡ ಆಯಿತು ಅನ್ನೋದು ಆ ಗ್ಯಾರೇಜಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಆ ಒಬ್ಬರು ಅವಳೇ.

ಆ ಕಾರು, ಡ್ರೈವರ್ ಬೋಟೆಂಗ್ ಅವರ ಟ್ಯಾಕ್ಸಿ. ವಯಸ್ಸಿನಲ್ಲಿ ಪೊಕುವಾಗಿಂತ ಮೂವತ್ತು ವರ್ಷ ದೊಡ್ಡದು. ಹಿಂದಿನ ಗಾಜಿನ ಮೇಲೆ ಕೆಂಪು ಅಕ್ಷರದಲ್ಲಿ 'ಅನ್ನೋರು ಅನ್ನಲಿ' ಎಂದು ಬರೆಸಿದ್ದರಿಂದ ಕುಮಾಸಿ ಪಟ್ಟಣದಲ್ಲೆಲ್ಲ ಅದಕ್ಕೆ ಅದೇ ಹೆಸರು. 'ಅನ್ನೋರು ಅನ್ನಲಿ ಬಂತು, ಹತ್ತಿ ಹತ್ತಿ' ಎನ್ನುತ್ತಿದ್ದರು ಜನ. ಅದರ ಎಂಜಿನ್ ಮಾತ್ರ ಮುದಿಯಾಗಿ, ಪೆಟ್ರೋಲನ್ನು ನೀರು ಕುಡಿದ ಹಾಗೆ ಕುಡಿಯುತ್ತಿತ್ತು. ಅದಕ್ಕೇ ಬೋಟೆಂಗ್ ಹೊರದೇಶದಿಂದ ಹಡಗಿನಲ್ಲಿ ಬಂದ ಬೇರೆ ಕಾರಿನ ಚಿಕ್ಕ ಎಂಜಿನ್ ಒಂದನ್ನು ತಂದಿದ್ದರು. ಅಂಗಡಿಯವನು ಅದನ್ನು ಟೈರಿನ ಮೇಲೆ ಕೂರಿಸಿ, ಬ್ಯಾಟರಿ ಕೊಟ್ಟು, ನೆಲದ ಮೇಲೇ ಗುರ್ ಅನ್ನಿಸಿ ತೋರಿಸಿದ ಮೇಲೇ ತಂದದ್ದು.

ಇನ್ನೊಂದು ಕಾರಿನ ಎಂಜಿನ್ ತಂದು ಈ ಕಾರಿಗೆ ಹಾಕೋದು ಅಂದರೆ ಅಂಗಿಗೆ ಗುಂಡಿ ಹೊಲಿದಷ್ಟು ಸಲೀಸಲ್ಲ. ಎಂಜಿನ್ ಇರೋದು ಮುಂದೆ, ಅದು ತಿರುಗಿಸಬೇಕಾದ ಚಕ್ರ ಇರೋದು ಹಿಂದೆ. ಎರಡರ ನಡುವೆ ಕಾರಿನ ಉದ್ದಕ್ಕೂ ಒಂದು ಕಬ್ಬಿಣದ ಕೊಳವೆ. ಅದಕ್ಕೇ ಶಾಫ್ಟ್ ಅನ್ನೋದು. ಹೊಸ ಎಂಜಿನ್ನಿನ ಗೇರ್‌ಬಾಕ್ಸ್ ಹಳೆಯದಕ್ಕಿಂತ ಉದ್ದ. ಹಾಗಾಗಿ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಲೇಬೇಕು. ಉದ್ದ ಉಳಿದರೆ ಇನ್ನೊಂದು ಸಲ ಕತ್ತರಿಸಬಹುದು. ಗಿಡ್ಡ ಆಯಿತೋ, ಮುಗೀತು ಕತೆ. ಕಬ್ಬಿಣ ಏನು ಬೆಳೆಯುತ್ತಾ?

ಪಪ್ಪ ಕೆಳಗಿನಿಂದ ಜಾರಿಕೊಂಡು ಹೊರಗೆ ಬಂದ. ಫಿಟ್ಟರ್ ಮಾಸ್ಟರ್ ಅಸಾರೆ ಅಂದರೆ ಕುಮಾಸಿಯ ಗ್ಯಾರೇಜು ಕೇರಿಯಾದ ಸುವಾಮೆಯಲ್ಲೆಲ್ಲ ಒಂದು ಮರ್ಯಾದೆ ಇತ್ತು. ಆ ಮಾಸ್ಟರ್ ಅಸಾರೆಯ ಮುಖ ಈಗ ಕೆಂಡವಾಗಿತ್ತು.

"ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆಯ್ತು, ಸಂಜೆ ಗಾಡಿ ಕೊಡ್ತೀನಿ ಅಂದಿದ್ಯಲ್ಲ ಮಾಸ್ಟರ್?" ಎಂದರು ಡ್ರೈವರ್ ಬೋಟೆಂಗ್.

"ಅಂದಿದ್ದೆ! ನಾನು ಗೆರೆ ಹಾಕಿ ಕೊಟ್ಟಿದ್ದು ಸರಿಯಾಗೇ ಇತ್ತು. ಆ ಮುದುಕಪ್ಪ ಕಣ್ಣು ಮುಚ್ಕೊಂಡು ಕತ್ತರಿಸಿದ್ರೆ ನಾನೇನು ಮಾಡ್ಲಿ?"

ಪಪ್ಪ ಶಾಫ್ಟನ್ನು ಎಳೆದು ಹೆಗಲ ಮೇಲೆ ಹಾಕಿಕೊಂಡು ಹೊರಟೇಬಿಟ್ಟ. ಹಿಂದೆ ನಾಲ್ಕು ಜನ ಹೊರಟರು. ಜಗಳ ನೋಡೋದು ಅಂದರೆ ಯಾರಿಗೆ ಬೇಡ? ಪೊಕುವಾ ಕೂಡ ಹೋದಳು. ಕಾಲು ಬೇಡ ಅನ್ನುತ್ತಿತ್ತು, ಆದರೂ ಹೋದಳು.

ನಿನ್ನೆ ನಡೆದದ್ದು ಹೀಗೆ.

ನಿನ್ನೆ ಬೆಳಿಗ್ಗೆ ಸ್ಕೂಲಿನ ಅಸೆಂಬ್ಲಿಯಲ್ಲಿ ಮೇಡಂ ಎಲ್ಲರ ಯೂನಿಫಾರ್ಮ್ ನೋಡುತ್ತಾ ಬಂದರು. ಪೊಕುವಾಳ ಹಳದಿ ಕಾಲರಿನ ಮೇಲೆ ಹೆಬ್ಬೆಟ್ಟಿನಷ್ಟು ಕಪ್ಪು ಕಲೆ.

"ಇದೇನು ಪೊಕುವಾ, ನೀನು ಸ್ಕೂಲಿಗೆ ಬಂದ್ಯೋ ಗ್ಯಾರೇಜಿಗೆ ಹೋದ್ಯೋ?"

ಇಡೀ ಸಾಲು ಗೊಳ್ಳೆಂದಿತು. ಪಕ್ಕದ ಸಾಲಿನ ಫ್ರೆಮಾ ಆಗಲೇ ಹೆಸರು ಕೂಡ ಇಟ್ಟುಬಿಟ್ಟಳು. "ಗ್ರೀಸ್ ಮಾಸ್ಟರ್! ಗ್ರೀಸ್ ಮಾಸ್ಟರ್!" ಸ್ಕೂಲು ಬಿಡುವವರೆಗೂ ಅದೇ ರಾಗ. ಪೊಕುವಾಗೆ ನೆಲ ಬಾಯಿ ಬಿಡಬಾರದಾ ಅನ್ನಿಸಿತು.

ಸಂಜೆ ಗ್ಯಾರೇಜಿಗೆ ಬಂದರೆ ಎಲ್ಲರ ಕೈಯೂ ಎಂಜಿನ್ನಿಗೆ ಅಂಟಿಕೊಂಡಿತ್ತು. ಪಪ್ಪ ಕಾರಿನ ಕೆಳಗೆ ಅಳತೆ ಪಟ್ಟಿ ಹಿಡಿದು ಎರಡು ಸಲ, ಮೂರು ಸಲ ಅಳೆದ. ಶಾಫ್ಟಿನ ಮೇಲಿನ ಎಣ್ಣೆಯನ್ನು ಒಂದು ಕಡೆ ಒರೆಸಿ, ಸುತ್ತ ಚಾಕ್‌ಪೀಸಿನಲ್ಲಿ ಬಿಳೀ ಗೆರೆ ಎಳೆದ.

"ಪೊಕುವಾ, ಇದನ್ನ ನಾನಾ ಬಡು ಹತ್ರ ಕೊಟ್ಟು ಬಾ. ಗೆರೆ ಮುಟ್ಟಬೇಡ, ಗೊತ್ತಾಯ್ತಾ?"

ಅಲ್ಲಿ ಕೆಲಸ ನಡೆಯೋದೇ ಹಾಗೆ. ಒಬ್ಬರು ಎಂಜಿನ್ ಕೂರಿಸಿದರೆ, ಇನ್ನೊಬ್ಬರು ವೈರಿಂಗ್ ಮಾಡುತ್ತಾರೆ, ನಾನಾ ಬಡು ಥರದವರು ಕತ್ತರಿಸಿ ಬೆಸುಗೆ ಹಾಕುತ್ತಾರೆ. ಚೀಟಿ ಗೀಟಿ ಏನೂ ಇಲ್ಲ. ಸಾಮಾನಿನ ಮೇಲೆ ಎಳೆದ ಗೆರೆಯೇ ಮಾತು. ಗೆರೆ ಇದ್ದ ಕಡೆ ಕತ್ತರಿಸೋದು, ಅಷ್ಟೇ. ಯಾಕೆ ಏನು ಅಂತ ಯಾರೂ ಕೇಳುವುದಿಲ್ಲ.

ಪೊಕುವಾ ಬಟ್ಟೆ ಸುತ್ತಿ ಸಿಂಬೆ ಮಾಡಿ, ಶಾಫ್ಟನ್ನು ತಲೆ ಮೇಲೆ ಹೊತ್ತು ಹೊರಟಳು. ಭಾರವೇನೋ ಇತ್ತು, ಅದಕ್ಕೆ ಹೆದರುವ ಹುಡುಗಿ ಅಲ್ಲ ಬಿಡಿ. ಆದರೆ ತಿರುವಿನಲ್ಲಿ, ಐಸ್ ವಾಟರ್ ಮಾರುವ ಕಡೆ, ಯಾರು ನಿಂತಿದ್ದರು ಅಂತೀರಿ? ಫ್ರೆಮಾ ಮತ್ತು ಅವಳ ಪಟಾಲಮ್ಮು.

ಪೊಕುವಾ ಸರಕ್ಕನೆ ಗೋಡೆ ಹಿಂದೆ ಸರಿದಳು. ಶಾಫ್ಟಿನಿಂದ ಕಪ್ಪೆಣ್ಣೆ ಇಳಿದು ಕಿವಿಯ ಪಕ್ಕ ಬಂದಿತ್ತು. ಇನ್ನೊಂದು ಕಲೆ ಆದರೆ ನಾಳೆ ಸ್ಕೂಲಿಗೆ ಹೇಗೆ ಹೋಗೋದು? ಗೋಡೆ ಹಿಂದೆ ಒಂದು ನಲ್ಲಿ ಇತ್ತು. ಯಾರೋ ಬಟ್ಟೆ ಒಗೆದು ಬಿಟ್ಟುಹೋದ ಸೋಪಿನ ಪುಡಿಯೂ ಇತ್ತು. ಅವಳು ಶಾಫ್ಟನ್ನು ಕೆಳಗಿಟ್ಟು, ಸೋಪು ಮರಳು ಹಾಕಿ ಉಜ್ಜಿದಳು. ಉಜ್ಜಿದಳು ಅಂದರೆ ಪಾತ್ರೆ ಉಜ್ಜುವ ಹಾಗೆ, ತುದಿಯಿಂದ ತುದಿಗೆ. ಶಾಫ್ಟು ಪಳಪಳ ಅಂದಿತು.

ಗೆರೆ ಎಲ್ಲಿ?

ಗೆರೆ ಇರಲಿಲ್ಲ.

ವಾಪಸ್ಸು ಹೋಗಿ ಹೇಳೋಣವೆಂದರೆ ಗಿರಾಕಿಗಳೆಲ್ಲರ ಮುಂದೆ ಪಪ್ಪ ಕೂಗಾಡುತ್ತಾನೆ. 'ತೊಳೆದ್ಯಾ? ಯಾರು ತೊಳೆ ಅಂದ್ರು?' ಅಂತ ಕೇಳಿದರೆ ಏನು ಹೇಳೋದು? ನಾಚಿಕೆ ಆಯ್ತು ಅಂತಲಾ? ನಿನ್ನ ಕೆಲಸ ನಂಗೆ ನಾಚಿಕೆ ಅಂತಲಾ?

ಅವತ್ತು ಕ್ಲಾಸಿನಲ್ಲಿ ಬೋರ್ಡ್ ಒರೆಸುವ ಸರದಿ ಅವಳದು. ಜೇಬಿನಲ್ಲಿ ಚಾಕ್‌ಪೀಸಿನ ತುಂಡು ಇತ್ತು. ಗೆರೆ ಇಲ್ಲೇ ಇತ್ತು. ಅಲ್ಲ, ಇನ್ನೂ ಚೂರು ಈಚೆಗೆ. ಹೂಂ, ಇಲ್ಲೇ. ಅವಳು ಸುತ್ತಲೂ ನೀಟಾಗಿ ಒಂದು ಗೆರೆ ಎಳೆದಳು. ಪಪ್ಪನ ಗೆರೆಗಿಂತ ಚೆನ್ನಾಗಿಯೇ ಬಂತು.

ಶಾಫ್ಟನ್ನು ನಾನಾ ಬಡು ಕೈಗೆ ಕೊಟ್ಟು ಬಂದಳು. ಅಷ್ಟೇ ನಡೆದದ್ದು.

ಈಗ ಪಪ್ಪ ಹೋಗಿ ನಿಂತಾಗ ನಾನಾ ಬಡು ಶೆಡ್ಡಿನ ಮುಂದೆ ಸ್ಟೂಲಿನ ಮೇಲೆ ಕೂತು ಬಾಳೆಕಾಯಿ ಸುಟ್ಟದ್ದು ತಿನ್ನುತ್ತಿದ್ದರು. ಬಿಳೀ ಕೂದಲು, ದಪ್ಪ ಕನ್ನಡಕ. ವಯಸ್ಸಿಗೂ ಪ್ರೀತಿಗೂ ಎಲ್ಲರೂ ಅವರನ್ನು ನಾನಾ, ಅಂದರೆ ಅಜ್ಜ, ಎಂದೇ ಕರೆಯುತ್ತಿದ್ದರು. ನಲವತ್ತು ವರ್ಷದಿಂದ ಆ ಶೆಡ್ಡಿನಲ್ಲಿ ಕಬ್ಬಿಣ ಕತ್ತರಿಸಿದವರು. ಅವರು ಕತ್ತರಿಸಿದ ಮೇಲೆ ಯಾರೂ ಮತ್ತೆ ಅಳೆಯುತ್ತಿರಲಿಲ್ಲ.

ಪಪ್ಪ ಅವರಿಗೆ ನಮಸ್ಕಾರ ಕೂಡ ಹೇಳಲಿಲ್ಲ. ಹಿರಿಯರನ್ನು ಹೇಗಿದ್ದೀರಿ ಅಂತ ಕೇಳದೆ ಮಾತು ಶುರು ಮಾಡೋದು ಅಂದರೆ ಅಲ್ಲಿ ಮುಖಕ್ಕೆ ಹೊಡೆದ ಹಾಗೆ. ಸಾಲದ್ದಕ್ಕೆ, ಹಿರಿಯರ ಮುಂದೆ ಎತ್ತಲೇಬಾರದ ಎಡಗೈ ಚಾಚಿ ತೋರಿಸಿದ.

"ನೋಡಿ ನಿಮ್ಮ ಕೆಲಸ! ಮೂರು ಬೆರಳು ಗಿಡ್ಡ!"

ನಾನಾ ಬಾಳೆಕಾಯಿ ಕೆಳಗಿಟ್ಟರು. "ಗೆರೆ ಮೇಲೇ ಕತ್ತರಿಸಿದೀನಲ್ಲಪ್ಪಾ."

"ನನ್ನ ಗೆರೆ ಎಲ್ಲಿತ್ತು ಅಂತ ನನಗೆ ಗೊತ್ತಿಲ್ವಾ? ಮೂರು ಸಲ ಅಳೆದು ಹಾಕಿದ್ದು ನಾನು!"

"ನಾನೂ ನೋಡೇ ಕತ್ತರಿಸಿದ್ದು ಅಸಾರೆ."

"ನೋಡಿದ್ರಂತೆ! ಯಾವ ಕಣ್ಣಲ್ಲಿ? ಕಣ್ಣು ಹೋಗಿದ್ರೆ ಮನೇಲಿ ಕೂತ್ಕೋಬೇಕು ನಾನಾ, ಇನ್ನೊಬ್ಬರ ಕೆಲಸ ಯಾಕೆ ಕೆಡಿಸ್ಬೇಕು?"

ಸುತ್ತ ನಿಂತವರು ಅಯ್ಯಯ್ಯೋ ಎಂದರು. ಯಾರೋ ಒಬ್ಬ ಮಾತ್ರ ಹಿಂದಿನಿಂದ, "ಹೋದ ತಿಂಗಳು ನನ್ನ ಸೈಲೆನ್ಸರೂ ಸ್ವಲ್ಪ ಸೊಟ್ಟ ಬಂದಿತ್ತು" ಎಂದ. ಎಲ್ಲ ಕಡೆ ಇಂಥವರು ಒಬ್ಬರು ಇದ್ದೇ ಇರುತ್ತಾರೆ.

ನಾನಾ ಕನ್ನಡಕ ತೆಗೆದು, ಅಂಗಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. ಶಾಫ್ಟನ್ನು ತಡವಿದರು. ಆಮೇಲೆ ಅವರ ಕಣ್ಣಿಗೆ ಪೊಕುವಾ ಬಿದ್ದಳು.

"ಮಗಾ, ನೀನೇ ತಂದದ್ದಲ್ವಾ ಇದನ್ನ? ಗೆರೆ ನೋಡಿದ್ಯಾ ನೀನು? ಇತ್ತು ತಾನೇ?"

ಎಲ್ಲರೂ ಅವಳ ಕಡೆ ತಿರುಗಿದರು. ಹೇಳುವುದಾದರೆ ಆಗಲೇ ಹೇಳಬೇಕಿತ್ತು. ಮಾತು ಬಾಯಿಯವರೆಗೂ ಬಂದಿತ್ತು.

"ಇತ್ತು ನಾನಾ" ಎಂದಳು. "ಗೆರೆ ಇತ್ತು."

ಸುಳ್ಳೇನಲ್ಲ. ಗೆರೆ ಇತ್ತು. ಆದರೆ ಅಷ್ಟು ದೊಡ್ಡ ಸುಳ್ಳನ್ನು ಅವಳು ಹುಟ್ಟಿದಾಗಿನಿಂದ ಹೇಳಿರಲಿಲ್ಲ.

ನಾನಾ ತಲೆಯಾಡಿಸಿದರು. "ಹಾಗಾದ್ರೆ ಅಸಾರೆ ಗೆರೆ ಇದ್ದೇ ಇತ್ತು, ನಾನೇ ತಪ್ಪಿದೆ. ಮಗು ಯಾಕೆ ಸುಳ್ಳು ಹೇಳುತ್ತೆ?" ಅಂದವರೇ ಎದ್ದು ಒಳಗೆ ಹೋದರು. ತಿನ್ನುತ್ತಿದ್ದ ಬಾಳೆಕಾಯಿ ಸ್ಟೂಲಿನ ಪಕ್ಕವೇ ಉಳಿಯಿತು.

ಮಾರನೇ ದಿನ, ಗುರುವಾರ, ಸ್ಕೂಲಿಗೆ ಹೋಗುವಾಗ ಪೊಕುವಾ ಬೇರೆ ದಾರಿ ಹಿಡಿಯೋಣ ಅಂದುಕೊಂಡಳು. ಆದರೆ ನಾನಾ ಅವಳನ್ನು ದೂರದಿಂದಲೇ ಕಂಡು ಕರೆದರು. ಶೆಡ್ಡಿನ ಬಾಗಿಲು ಅರ್ಧ ಮುಚ್ಚಿತ್ತು.

"ಬಾ ಮಗಾ. ಆ ಎದುರಿನ ಬೋರ್ಡಲ್ಲಿ ಏನಿದೆ ಓದು. ನಾನು ಮನಸ್ಸಲ್ಲೇ ಓದ್ಕೊಂಡಿದೀನಿ, ಸರೀನಾ ನೋಡೋಣ."

"ರೇಡಿಯೇಟರ್ ರಿಪೇರಿ, ಎಲ್ಲಾ ಥರದ್ದು" ಎಂದು ಓದಿದಳು ಪೊಕುವಾ.

"ನಾನೂ ಅದೇ ಓದ್ದೆ!" ಅವರ ಮುಖ ಒಂದು ಗಳಿಗೆ ಅರಳಿತು. ಆಮೇಲೆ ಬಾಡಿತು. "ದೂರದ್ದು ಕಾಣುತ್ತೆ. ಹತ್ತಿರದ್ದೇ ಹೋಗಿದೆ ಅನ್ಸುತ್ತೆ. ಇದು ಹೀಗೇ ಅಂತೆ, ಗೊತ್ತಾಗದ ಹಾಗೆ ಹೋಗುತ್ತಂತೆ."

ಪೊಕುವಾ ಬ್ಯಾಗಿನ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಸ್ಕೂಲಿಗೆ ಲೇಟಾಯ್ತು ನಾನಾ" ಎಂದು ಓಡಿದಳು. ಲೇಟೇನೂ ಆಗಿರಲಿಲ್ಲ.

ಅವತ್ತು ಫ್ರೆಮಾ ಹತ್ತು ಸಲ 'ಗ್ರೀಸ್ ಮಾಸ್ಟರ್' ಅಂದಳು. ಪೊಕುವಾಗೆ ಒಂದು ಸಲವೂ ಸಿಟ್ಟು ಬರಲಿಲ್ಲ. ಇನ್ನೂ ಏನಾದರೂ ಅನ್ನಲಿ, ಸರಿಯಾಗಿ ಅನ್ನಲಿ ಅನ್ನಿಸಿತು.

ಶುಕ್ರವಾರ ನಾನಾ ಶೆಡ್ಡಿನ ಹೊರಗೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಹೊಲಿಯೋಕೇನೂ ಇರಲಿಲ್ಲ, ಸುಮ್ಮನೆ ಪೋಣಿಸೋದು, ಎಳೆಯೋದು, ಮತ್ತೆ ಪೋಣಿಸೋದು. ಎರಡು ಸಲ ತಪ್ಪಿ, ಮೂರನೇ ಸಲ ದಾರ ಹೋಯಿತು. "ನೋಡಿದ್ಯಾ?" ಎಂದು ಎದುರಿನ ರೇಡಿಯೇಟರಿನವನಿಗೆ ತೋರಿಸುತ್ತಿದ್ದರು. ಸೈಲೆನ್ಸರ್ ಬೆಸುಗೆಗೆ ಅಂತ ಬಂದ ಒಬ್ಬ ಮೊದಲು ನಾನಾ ಕಡೆ ನೋಡಿ, ಆಮೇಲೆ ಮುಂದಿನ ಶೆಡ್ಡಿಗೆ ಹೋದ. ನಲವತ್ತು ವರ್ಷದ ಹೆಸರು ಹೋಗೋಕೆ ಎರಡು ದಿನ ಸಾಕಾಯಿತು.

ಸಂಜೆ ಮನೆಯಲ್ಲಿ ಪಪ್ಪನೇ ಹೇಳಿದ, "ನಾನಾ ಬಡು ಶೆಡ್ ಮುಚ್ತಾರಂತೆ. ಬೆಸುಗೆ ಮಷಿನ್ನು ನಾಳೆ ಯಾರಿಗೋ ಕೊಡ್ತಾರಂತೆ." ಹೇಳುವಾಗ ಅವನೂ ತಟ್ಟೆಯ ಅನ್ನವನ್ನು ಬೆರಳಲ್ಲಿ ಆಚೀಚೆ ತಳ್ಳುತ್ತಿದ್ದ. ಪೊಕುವಾ ಊಟ ಬಿಟ್ಟು ಎದ್ದಳು.

ಶನಿವಾರ ಬೆಳಿಗ್ಗೆ ಅವಳು ಸೀದಾ ಹೋದದ್ದು ಮಾಮೆ ಟಿವಾ ಹತ್ತಿರ. ಗ್ಯಾರೇಜುಗಳ ನಡುವೆ ದೊಡ್ಡ ಪಾತ್ರೆ ಇಟ್ಟುಕೊಂಡು ಅನ್ನ ಅಲಸಂದೆ ಮಾರುವ, ಎಲ್ಲರೂ ಮಾಮೆ, ಅಂದರೆ ಅಮ್ಮ, ಎನ್ನುವ ಹೆಂಗಸು. ಯಾರ ಮನೆಯಲ್ಲಿ ಜಗಳವಾದರೂ ಮಾಮೆ ಟಿವಾ ಬರಬೇಕು. ದೊಡ್ಡವರ ಎದುರು ತಪ್ಪು ಒಪ್ಪಿಕೊಳ್ಳೋಕೆ ಚಿಕ್ಕವರು ಒಬ್ಬರೇ ಹೋಗುವ ಹಾಗಿಲ್ಲ. ಹಿರಿಯರೊಬ್ಬರು ಮುಂದೆ ನಿಂತು ಅವರ ಪರವಾಗಿ ಬೇಡಿಕೊಳ್ಳಬೇಕು.

"ಮಾಮೆ, ನನ್ನ ಪರವಾಗಿ ಬೇಡ್ಕೋಬೇಕು ನೀವು."

"ಏನ್ ಮಾಡ್ದೆ? ಗ್ಲಾಸ್ ಒಡೆದ್ಯಾ?"

ಪೊಕುವಾ ಹೇಳಿದಳು. ನಲ್ಲಿ, ಸೋಪು, ಚಾಕ್‌ಪೀಸು, ಎಲ್ಲ ಹೇಳಿದಳು. ಮಾಮೆ ಟಿವಾಳ ಸೌಟು ಹಿಡಿದ ಕೈ ಹಾಗೇ ನಿಂತಿತು. ಗಿರಾಕಿಯೊಬ್ಬ ತಟ್ಟೆ ಚಾಚಿ, "ಮಾಮೆ, ಮೊಟ್ಟೆ ಹಾಕಿ" ಎಂದ.

"ಸುಮ್ನಿರೋ, ಮೊಟ್ಟೆಯಂತೆ!" ಎಂದು ಅವಳು ಪಾತ್ರೆಗೆ ಮುಚ್ಚಳ ಹಾಕಿದಳು. "ನಡಿ. ಮೊದಲು ನಿಮ್ಮಪ್ಪನ ಹತ್ರ."

ಪಪ್ಪ ಕೂಗಾಡುತ್ತಾನೆ ಎಂದುಕೊಂಡಿದ್ದಳು ಪೊಕುವಾ. ಅವನು ಕೂಗಲಿಲ್ಲ. ಸ್ಪ್ಯಾನರು ಕೆಳಗಿಟ್ಟ. ಎಷ್ಟೋ ಹೊತ್ತು ಕೈ ಒರೆಸಿಕೊಂಡ, ಕೊಳೆ ಇಲ್ಲದ ಕಡೆಯೂ ಒರೆಸಿಕೊಂಡ.

"ಯಾಕೆ ತೊಳೆದೆ?" ಎಂದ ಕೊನೆಗೆ.

ಪೊಕುವಾ ನೆಲ ನೋಡಿದಳು. "ಕಾಲರಿಗೆ ಗ್ರೀಸ್ ಆಗುತ್ತೆ ಅಂತ. ಸ್ಕೂಲಲ್ಲಿ ನಗ್ತಾರೆ ಅಂತ."

ಪಪ್ಪ ತನ್ನ ಕೈ ಕಡೆ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಕಪ್ಪು ಕೂತಿತ್ತು. ಎಷ್ಟು ಒರೆಸಿದರೂ ಹೋಗುವ ಕಪ್ಪಲ್ಲ ಅದು. "ನಡಿ ಹೋಗೋಣ" ಎಂದ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದೇ ಇಲ್ಲ. ಒಂದು ಏಟು ಬಿದ್ದಿದ್ದರೂ ಪೊಕುವಾಗೆ ಅಷ್ಟು ನೋಯುತ್ತಿರಲಿಲ್ಲ.

ನಾನಾ ಬಡು ಶೆಡ್ಡಿನಲ್ಲಿ ವೈರು ಸುತ್ತುತ್ತಿದ್ದರು. ಬೆಸುಗೆ ಮಷಿನ್ನನ್ನು ಒರೆಸಿ ಬಾಗಿಲ ಹತ್ತಿರ ಇಟ್ಟಾಗಿತ್ತು. ಪಪ್ಪ ಬಾಗಿಲಲ್ಲೇ ನಿಂತು ಎರಡೂ ಚಪ್ಪಲಿ ಬಿಟ್ಟ. ದೊಡ್ಡವರ ಮುಂದೆ ತಪ್ಪು ಒಪ್ಪಿಕೊಳ್ಳುವವರು ಹಾಗೆ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ. ಆ ನೆಲದ ತುಂಬ ಎಣ್ಣೆ, ಕಬ್ಬಿಣದ ಚೂರು. ಬರಿಗಾಲಲ್ಲಿ ನಿಂತ ಪಪ್ಪನನ್ನು ಪೊಕುವಾಗೆ ನೋಡಲಾಗಲಿಲ್ಲ. ತಪ್ಪು ಮಾಡಿದ್ದು ಅವಳು, ಚಪ್ಪಲಿ ಬಿಟ್ಟದ್ದು ಅವನು.

ಮಾಮೆ ಟಿವಾ ಮುಂದೆ ಹೋಗಿ ನಾನಾ ಆರೋಗ್ಯ ಕೇಳಿದಳು, ಮನೆಯವರನ್ನು ಕೇಳಿದಳು, ನಿದ್ದೆ ಕೇಳಿದಳು. ಎಲ್ಲ ಕೇಳಿಯಾದ ಮೇಲೆ, "ನಾನಾ, ಒಬ್ಬಳು ಚಿಕ್ಕವಳು ನನ್ನ ಬೆನ್ನ ಹಿಂದೆ ನಿಂತಿದಾಳೆ. ನಿಮ್ಮ ಹತ್ರ ಬೇಡ್ಕೊಳ್ಳೋದಿದೆ. ದಯವಿಟ್ಟು ಕೇಳ್ಬೇಕು" ಎಂದಳು. ಆಮೇಲೆ ಪೊಕುವಾಳನ್ನು ಮುಂದಕ್ಕೆ ತಂದಳು.

"ನಾನಾ, ಆ ಗೆರೆ ಪಪ್ಪನದಲ್ಲ" ಎಂದಳು ಪೊಕುವಾ. "ಪಪ್ಪನ ಗೆರೆ ನಾನು ತೊಳೆದುಬಿಟ್ಟೆ. ನೀವು ನೋಡಿದ್ದು ನಾನು ಎಳೆದದ್ದು. ಬುಧವಾರ ನೀವು ಕೇಳಿದಾಗ ನಾನು ಹೇಳ್ಲಿಲ್ಲ."

ನಾನಾ ಕೈಯಲ್ಲಿದ್ದ ವೈರನ್ನು ಕೆಳಗಿಟ್ಟರು.

"ಇನ್ನೊಂದ್ಸಲ ಹೇಳು."

"ಗೆರೆ ನಾನು ಎಳೆದದ್ದು ನಾನಾ."

"ಅದಲ್ಲ. ನಾನು ಎಲ್ಲಿ ಕತ್ತರಿಸಿದೆ? ಗೆರೆ ಮೇಲೋ, ಪಕ್ಕದಲ್ಲೋ?"

"ಗೆರೆ ಮೇಲೇ. ನಾನು ಎಳೆದ ಕಡೇನೇ. ಸರಿಯಾಗಿ ಅಲ್ಲೇ."

ಬೈಗುಳಕ್ಕೆ ಪೊಕುವಾ ರೆಡಿಯಾಗಿದ್ದಳು. ಏಟಿಗೂ ರೆಡಿಯಾಗಿದ್ದಳು. ರಾತ್ರಿಯೆಲ್ಲ ಅದನ್ನೇ ಯೋಚಿಸಿ ಬಂದಿದ್ದಳು. ಆದರೆ ನಾನಾ ತೊಡೆ ತಟ್ಟಿಕೊಂಡು ನಗತೊಡಗಿದರು! ಕನ್ನಡಕ ಜಾರಿ ಮೂಗಿನ ತುದಿಗೆ ಬಂತು, ಕಣ್ಣಲ್ಲಿ ನೀರು ಬಂತು, ಆದರೂ ನಗು ನಿಲ್ಲಲಿಲ್ಲ.

"ಏಯ್!" ಎಂದು ಹೊರಗೆ ಕೂಗಿದರು. "ರೇಡಿಯೇಟರಿನೋನೇ, ಬಾರೋ ಇಲ್ಲಿ! ನನ್ನ ಕಣ್ಣು ಸರಿಯಾಗಿದೆ ಕಣೋ! ಗೆರೆ ಮೇಲೇ ಕತ್ತರಿಸಿದ್ನಂತೆ!"

"ನಾನಾ, ನಾನು ಬಾಯಿಗೆ ಬಂದ ಹಾಗೆ ಮಾತಾಡಿದೆ" ಎಂದು ಪಪ್ಪ ಶುರು ಮಾಡಿದ. "ನನ್ನನ್ನ..."

"ಆಯ್ತು ಬಿಡೋ ಅಸಾರೆ, ಚಪ್ಪಲಿ ಹಾಕ್ಕೋ, ಕಾಲಿಗೆ ಕಬ್ಬಿಣ ಚುಚ್ಚುತ್ತೆ. ಗುಜರಿಯಿಂದ ಇನ್ನೊಂದು ಶಾಫ್ಟ್ ತಂದ್ಕೊಡು, ಮಧ್ಯಾಹ್ನದೊಳಗೆ ಕತ್ತರಿಸ್ತೀನಿ. ಮಷಿನ್ ಒಳಗಿಡಪ್ಪಾ ಯಾರಾದ್ರೂ!"

ಪೊಕುವಾ ಮನಸ್ಸಲ್ಲೇ ದಿನ ಎಣಿಸಿದಳು. ಬುಧವಾರ ಸಂಜೆಯಿಂದ ಶನಿವಾರ ಬೆಳಿಗ್ಗೆವರೆಗೆ. ಅಷ್ಟು ಹೊತ್ತು ಈ ನಗು ಅವಳ ಬಾಯೊಳಗೇ ಇತ್ತು. ಅವಳು ಕೊಟ್ಟಿರಲಿಲ್ಲ, ಅಷ್ಟೇ. ಅದು ಹೊಳೆದದ್ದೇ ತಡ, ಅಳು ಉಕ್ಕಿ ಬಂತು.

"ಯಾಕಳ್ತೀಯಾ? ನಾನು ಬೈದ್ನಾ?" ಎಂದರು ನಾನಾ.

ಅವಳು ತಲೆ ಅಲ್ಲಾಡಿಸಿದಳು.

"ಸಿಟ್ಟೇನೋ ಇದೆ. ಬೈತೀನಿ, ಇರು. ಇವತ್ತು ಪುರುಸೊತ್ತಿಲ್ಲ" ಎಂದವರೇ ಅವರು ಒಳಗೆ ಬಂದ ರೇಡಿಯೇಟರಿನವನ ಕಡೆ ತಿರುಗಿದರು. "ಕೇಳು ಬೇಕಾದ್ರೆ, ಈ ಹುಡುಗೀನೇ ಕೇಳು!"

ರೇಡಿಯೇಟರಿನವನು ಪೊಕುವಾಳನ್ನು ಮೇಲಿಂದ ಕೆಳಗೆ ನೋಡಿದ. "ಹೌದೇನೇ? ನೀನಾ ಮಾಡಿದ್ದು?"

"ಹೌದು" ಎಂದಳು ಪೊಕುವಾ. ಪಕ್ಕದಲ್ಲಿದ್ದವರಿಗಷ್ಟೇ ಕೇಳುವ ಹಾಗೆ ಹೇಳಿದಳು. "ಗೆರೆ ನಾನು ಎಳೆದೆ. ನಾನಾ ಸರಿಯಾಗೇ ಕತ್ತರಿಸಿದ್ರು."

"ಮನೆಗೆ ಹೋಗು ಪೊಕುವಾ" ಎಂದ ಪಪ್ಪ ಮೆಲ್ಲಗೆ. "ಸಾಕು. ಹೇಳಿದ್ದಾಯ್ತಲ್ಲ."

ಹೋಗಬಹುದಿತ್ತು. ಬಾಗಿಲು ತೆರೆದೇ ಇತ್ತು. ಆದರೆ ಹೊರಗೆ ವೈರಿಂಗ್‌ನವನು ಬರುತ್ತಿದ್ದ, ಅವನ ಹಿಂದೆ ಪೇಂಟಿನವನು. ನಾನಾ ಇಬ್ಬರಿಗೂ ಹೇಳಬೇಕು. ಇಬ್ಬರೂ 'ಯಾರು ಹೇಳಿದ್ದು?' ಅಂತ ಕೇಳುತ್ತಾರೆ. ಆಗ ಇವಳು ಇಲ್ಲದಿದ್ದರೆ?

"ಇಲ್ಲೇ ಇರ್ತೀನಿ ಪಪ್ಪಾ" ಎಂದಳು.

ವೈರಿಂಗ್‌ನವನಿಗೆ ಹೇಳಿದಳು. ಪೇಂಟಿನವನಿಗೂ ಹೇಳಿದಳು. ಅವನು "ಥೂ, ಎಂಥಾ ಹುಡುಗಿಯೇ ನೀನು!" ಎಂದ. ಕಿವಿ ಸುಟ್ಟ ಹಾಗಾಯಿತು, ಆದರೂ ಜಾಗ ಬಿಟ್ಟು ಕದಲಲಿಲ್ಲ. ನಾಲ್ಕನೆಯವನಾಗಿ ಬಂದದ್ದು, ಬುಧವಾರ ತನ್ನ ಸೈಲೆನ್ಸರ್ ಸೊಟ್ಟ ಬಂದಿತ್ತು ಎಂದಿದ್ದವನು. ನಾನಾ ಕನ್ನಡಕ ಸರಿ ಮಾಡಿಕೊಂಡು ಬಾಯಿ ತೆರೆಯುವ ಮೊದಲೇ ಪೊಕುವಾ ಒಂದು ಹೆಜ್ಜೆ ಮುಂದೆ ಬಂದು, ಗಟ್ಟಿಯಾಗಿ, ನಡೆದದ್ದನ್ನು ಮೊದಲಿಂದ ಹೇಳೋಕೆ ಶುರು ಮಾಡಿದಳು.